ಐವತ್ತು ಕೆ.ಬಿ.ಗೆ ಮೀರದಂತೆ

ನಮ್ಮ ಹೈಸ್ಕೂಲಿಗೆ ಕಂಪ್ಯೂಟರ್ ಬಂದಾಗ ನಲ್ಲಿ ನೀರು ಇನ್ನೂ ಬಂದಿರಲಿಲ್ಲ. ಹುಡುಗಿಯರೆಲ್ಲ ಸೇರಿ ಬಾವಿಯಿಂದ ನೀರು ಸೇದಿ ತಂದು ಸೈನ್ಸ್ ರೂಮಿನ ಪಕ್ಕದ ಕೋಣೆಯನ್ನು ತೊಳೆದೆವು. ಹೊಸಿಲಿಗೆ ರಂಗೋಲಿ ಬಿಟ್ಟೆವು. ಹುಡುಗರು ಮಾವಿನ ತೋರಣ ಕಟ್ಟಿದರು. ತಿಪಟೂರು ಕಡೆಯ ಊರಾದ್ದರಿಂದ ತೆಂಗಿನಕಾಯಿಗೆ ಬರವಿಲ್ಲ, ಬಂದಿದ್ದ ಎರಡು ಯಂತ್ರಕ್ಕೂ ಒಂದೊಂದು ಕಾಯಿ ಎಂದು ತೀರ್ಮಾನವಾಯಿತು. ಕಾಯಿನೀರು ಸಿಡಿದು ಯಂತ್ರದೊಳಕ್ಕೆ ಹೋದರೆ ಗತಿಯೇನು ಎಂದು ಹೆಡ್‌ಮಾಸ್ಟರಿಗೆ ಕಡೇ ಗಳಿಗೆಯಲ್ಲಿ ಹೊಳೆದು, ಬಾಗಿಲಾಚೆ ಮೆಟ್ಟಿಲ ಮೇಲೆ ಒಡೆಸಿದರು. ಕಂಪ್ಯೂಟರಿನ ವಿಷಯದಲ್ಲಿ ಆ ಶಾಲೆಯಲ್ಲಿ ನಾನು ಕಂಡ ಮೊದಲ ವಿವೇಕದ ಕೆಲಸ ಅದು.

ಕೇಂದ್ರ ಸರ್ಕಾರ 1984-85ರಲ್ಲಿ ‘ಕ್ಲಾಸ್’ ಎಂಬ ಯೋಜನೆ ಶುರು ಮಾಡಿತ್ತು. ಮೊದಲು ದೇಶದ ಸುಮಾರು 250 ಶಾಲೆಗಳು. ಆಮೇಲೆ ಹರಡುತ್ತ ಹರಡುತ್ತ ನಮ್ಮೂರ ತನಕ ಬಂತು. ಬಂದ ಯಂತ್ರದ ಹೆಸರು ಬಿ.ಬಿ.ಸಿ. ಮೈಕ್ರೊ. ಅಪ್ಪ ರಾತ್ರಿ ರೇಡಿಯೋಗೆ ಕಿವಿ ಹಚ್ಚಿ ಕೇಳುತ್ತಿದ್ದ ಅದೇ ಬಿ.ಬಿ.ಸಿ., ತನ್ನ ದೇಶದವರಿಗೆ ಟಿ.ವಿ.ಯಲ್ಲಿ ಕಂಪ್ಯೂಟರ್ ಕಲಿಸಲೆಂದು ಕೇಂಬ್ರಿಜ್‌ನ ಏಕಾರ್ನ್ ಎಂಬ ಕಂಪನಿಯಿಂದ ಮಾಡಿಸಿದ ಯಂತ್ರ. ಕೆನೆ ಬಣ್ಣದ ಮೈ, ಕಪ್ಪು ಕೀಗಳು, ಮೇಲಿನ ಸಾಲಿನಲ್ಲಿ ಮಾತ್ರ ಕೆಂಪಗಿನ ಹತ್ತು. ನೆನಪಿನ ಶಕ್ತಿ 32 ಕೆ.ಬಿ. ಈ 32 ಎಂಬ ಅಂಕಿಯನ್ನು ಓದುಗರು ಸ್ವಲ್ಪ ಇಟ್ಟುಕೊಂಡಿರಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಹೊಲಿಗೆ ಟೀಚರು ಎರಡೂ ಯಂತ್ರಕ್ಕೆ ಮೆರೂನ್ ಬಣ್ಣದ ವೆಲ್ವೆಟ್ ಕವರು ಹೊಲಿದು ಅಂಚಿಗೆ ಜರಿ ಕೊಟ್ಟಿದ್ದರು. ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ. ಅವರು ಬಿ.ಇ.ಓ. ಆಫೀಸಿಗೆ ಹೋದ ದಿನ ಕಂಪ್ಯೂಟರ್ ಪೀರಿಯಡ್ಡಿನಲ್ಲಿ ಮಗ್ಗಿ. ಅವರಿದ್ದ ದಿನ ಬೀಗ ತೆಗೆದು, ಕವರು ಮಡಿಸಿ, ಪ್ಲಗ್ಗಿಗೆ ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡುವ ಹೊತ್ತಿಗೆ ಪೀರಿಯಡ್ಡಿನ ಕಾಲುಭಾಗ ಮುಗಿದಿರುತ್ತಿತ್ತು. ಉಳಿದದ್ದರಲ್ಲಿ ಮೊದಲ ಬೆಂಚಿನವರು ಮುಟ್ಟುತ್ತಿದ್ದರು, ಹಿಂದಿನ ಬೆಂಚಿನವರು ನೋಡುತ್ತಿದ್ದರು. ನಾನು ಎತ್ತರವಿದ್ದ ಕಾರಣಕ್ಕೆ ಹಿಂದಿನ ಬೆಂಚು. ಹೀಗಾಗಿ ನನ್ನ ಕಂಪ್ಯೂಟರ್ ಶಿಕ್ಷಣದ ಬಹುಭಾಗ ಮುಂದಿನ ಹುಡುಗನ ಎಣ್ಣೆ ಮೆತ್ತಿದ ಕ್ರಾಪಿನ ಮೇಲಿಂದ ಇಣುಕಿ ನಡೆಯಿತು.

ಮುಟ್ಟದವರಿಗೂ ಪರೀಕ್ಷೆ ಇತ್ತು, ಆದ್ದರಿಂದ ನೋಟ್ಸ್ ಇತ್ತು. ಕಂಪ್ಯೂಟರಿನ ಪಿತಾಮಹ ಯಾರು? ಚಾರ್ಲ್ಸ್ ಬ್ಯಾಬೇಜ್. ಆತ ತನ್ನ ದೊಡ್ಡ ಯಂತ್ರವನ್ನು ಮುಗಿಸದೆಯೇ 1871ರಲ್ಲಿ ತೀರಿಕೊಂಡ. ಕೂಸು ಹುಟ್ಟುವ ಮುಂಚೆ ಕುಲಾವಿ ಅಲ್ಲ, ಪಟ್ಟವನ್ನೇ ಕೊಟ್ಟುಬಿಟ್ಟಿದ್ದೇವೆ. 1946ರ ಎನಿಯಾಕ್‌ನಲ್ಲಿ ಎಷ್ಟು ಕವಾಟಗಳಿದ್ದವು? ಸುಮಾರು 18,000. ಅದರ ತೂಕ? ಸುಮಾರು 30 ಟನ್. ಕಂಪ್ಯೂಟರಿನ ಪೀಳಿಗೆಗಳನ್ನು ವಿವರಿಸಿ. ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್‌ಗಳ ನಡುವಣ ವ್ಯತ್ಯಾಸಗಳನ್ನು ಪಟ್ಟಿ ಮಾಡಿ. ಕಂಪ್ಯೂಟರಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಈ ಕೊನೆಯದಕ್ಕೆ ಅಂಕ ಜಾಸ್ತಿ. ಹೂವಿನ ಚಿತ್ರಕ್ಕೆ ಕೇಸರ, ಶಲಾಕೆ ಎಂದು ಗೆರೆ ಎಳೆದು ರೂಢಿಯಾಗಿದ್ದ ನಾವು ಕೀಬೋರ್ಡಿಗೂ ಸ್ಕೇಲ್ ಇಟ್ಟು ಗೆರೆ ಎಳೆದೆವು. ನನ್ನ ಗೆಳತಿಯೊಬ್ಬಳು ಹೂವಿಗೂ ಕಂಪ್ಯೂಟರಿಗೂ ಒಂದೇ ಬಣ್ಣದ ಕ್ರೇಯಾನ್ ತುಂಬಿದಳು. ಯಂತ್ರವನ್ನು ಒಂದು ಸಲವೂ ಮುಟ್ಟದ ಅವಳಿಗೆ ತರಗತಿಗೇ ಹೆಚ್ಚು ಅಂಕ ಬಂತು.

ಮುಟ್ಟಿದವರ ಪಾಡು ಬೇರೆ. ಬಿ.ಬಿ.ಸಿ. ಮೈಕ್ರೊಗೆ ಒಂದು ಗುಣವಿತ್ತು. ನೀವು ಟೈಪು ಮಾಡಿದ್ದು ಅದಕ್ಕೆ ಅರ್ಥವಾಗದಿದ್ದರೆ ‘ಮಿಸ್ಟೇಕ್’ ಎಂದು ಒಂದೇ ಮಾತು ಹೇಳಿ ಸುಮ್ಮನಾಗುತ್ತಿತ್ತು. ಎಲ್ಲಿ, ಏನು, ಹೇಗೆ ಎಂಬ ವಿವರಣೆಯಿಲ್ಲ. ಇನ್ನೊಮ್ಮೆ ‘ನೋ ಸಚ್ ವೇರಿಯಬಲ್’ ಎನ್ನುತ್ತಿತ್ತು. ನಮ್ಮ ಮಿಕ್ಕ ಮೇಷ್ಟ್ರುಗಳು ತಪ್ಪಿಗೆ ಬೆತ್ತ ತೆಗೆದರೆ, ಇದು ತಪ್ಪಿಗೆ ತಪ್ಪು ಎಂದಷ್ಟೇ ಹೇಳಿ ಮುಂದಿನ ಸಾಲಿನಲ್ಲಿ ಬಾಣದ ಗುರುತು ತೋರಿಸಿ ಕಾಯುತ್ತಿತ್ತು. ಎಷ್ಟು ಸಲ ತಪ್ಪಿದರೂ ಅಷ್ಟೇ ಸಲ ಕಾಯುವ ಈ ಸ್ವಭಾವ ನಮ್ಮ ಶಾಲೆಗೆ ತೀರಾ ಹೊಸದು. ಹುಡುಗರು ಅದನ್ನೇ ದುರುಪಯೋಗಪಡಿಸಿಕೊಂಡು, ಹೆಡ್‌ಮಾಸ್ಟರ ಹೆಸರು ಟೈಪು ಮಾಡಿ ರಿಟರ್ನ್ ಒತ್ತಿ, ಪರದೆ ಅವರನ್ನು ‘ಮಿಸ್ಟೇಕ್’ ಎಂದು ಕರೆಯುವುದನ್ನು ನೋಡಿ ನಗುತ್ತಿದ್ದರು.

ಈ ಪಾಠದ ಹೊರೆ ಬಿದ್ದಿದ್ದು ಗಣಿತದ ಮೇಷ್ಟ್ರ ಮೇಲೆ. ಅವರನ್ನು ಒಂದು ಎಂಜಿನಿಯರಿಂಗ್ ಕಾಲೇಜಿಗೆ ತರಬೇತಿಗೆ ಕಳಿಸಿದ್ದರು. ಅಲ್ಲಿಂದ ಅವರು ಒಂದು ಜಾಮಿಟ್ರಿ ಬಾಕ್ಸಿನಷ್ಟು ಜ್ಞಾನ ಮತ್ತು ಒಂದು ಆಮೆಯ ಕಥೆ ತಂದಿದ್ದರು. ಅಮೆರಿಕದಲ್ಲಿ ಸೇಮರ್ ಪ್ಯಾಪರ್ಟ್ ಎಂಬಾತ ಇದ್ದಾನೆ, ಅವನೂ ಜೊತೆಯವರೂ 1967ರಲ್ಲಿ ಮಕ್ಕಳಿಗಾಗಿಯೇ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದ್ದಾರೆ, ಅದರಲ್ಲಿ ಒಂದು ಆಮೆ ಇರುತ್ತದೆ, ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು ಎಂದರೆ ನಡೆಯುತ್ತ ಗೆರೆ ಎಳೆಯುತ್ತದೆ. ನಮ್ಮ ಯಂತ್ರದಲ್ಲಿ ಆ ಆಮೆ ಇರಲಿಲ್ಲ. ಇದ್ದರೂ ಕರೆಂಟ್ ಇರುತ್ತಿರಲಿಲ್ಲ. ಲಿಂಗನಮಕ್ಕಿಯಲ್ಲಿ ನೀರು ಇಳಿದರೆ ನಮ್ಮೂರಲ್ಲಿ ಕೆ.ಇ.ಬಿ.ಯವರು ಹಗಲೇ ಕತ್ತಲೆ ಮಾಡುತ್ತಿದ್ದ ಕಾಲ ಅದು. ಕರೆಂಟ್ ಹೋದ ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮನ್ನು ಆಟದ ಬಯಲಿಗೆ ಕರೆದುಕೊಂಡು ಹೋದರು. ಒಬ್ಬ ಹುಡುಗನ ಸೊಂಟಕ್ಕೆ ಸೀಮೆಸುಣ್ಣದ ಪುಡಿ ತುಂಬಿದ ತೂತಿನ ಚೀಲ ಕಟ್ಟಿದರು.

“ಇವನು ಆಮೆ. ಇವನಿಗೆ ಬುದ್ಧಿ ಇಲ್ಲ. ನೀವು ಹೇಳಿದಷ್ಟೇ ಮಾಡ್ತಾನೆ. ಮನೆ ಬಿಡಿಸಿ ನೋಡೋಣ.”

“ಸಾರ್, ಇವನಿಗೆ ಬುದ್ಧಿ ಇಲ್ಲ ಅನ್ನೋದು ನಮಗೆ ಮೊದಲೇ ಗೊತ್ತು” ಎಂದರು ಹುಡುಗರು.

ಮನೆ ಬಿಡಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಚೌಕಕ್ಕೆ ಹತ್ತು ಹೆಜ್ಜೆ, ಬಲಕ್ಕೆ 90, ಅದನ್ನೇ ನಾಲ್ಕು ಸಲ, ಅದಾಯಿತು. ಸೂರಿಗೆ ಬಂದಾಗ ನಾವು ತ್ರಿಕೋನದ ಒಳಕೋನ 60 ಎಂದು ಬಾಯಿಪಾಠ ಮಾಡಿದ್ದವರು 60 ತಿರುಗು ಎಂದೆವು. ಆಮೆ ತಿರುಗಿ ನೆಟ್ಟಗೆ ಕಬಡ್ಡಿ ಅಂಕಣದ ಕಡೆ ಹೊರಟ. “ನಿಂತ್ಕೊಳೋ” ಎಂದು ಕೂಗಿದರೆ ಅದು ಅವನ ಭಾಷೆಯಲ್ಲಿ ಇಲ್ಲವೆಂದು ಮೇಷ್ಟ್ರು ಬಿಡಲಿಲ್ಲ. ಬೇಲಿಯ ತನಕ ಹೋದ. ಆಮೇಲೆ ಒಬ್ಬೊಬ್ಬರೂ ತಾವೇ ಆಮೆಯಾಗಿ ನಡೆದು ನೋಡಿದಾಗ ತಿಳಿಯಿತು, ಮೂಲೆಯಲ್ಲಿ ನಿಂತವನು ತಿರುಗಬೇಕಾದ್ದು 120. ಪುಸ್ತಕದ ಕೋನ ನೋಡುವವನದು, ಈ ಕೋನ ನಡೆಯುವವನದು. ಪ್ಯಾಪರ್ಟ್ ಮಕ್ಕಳ ಕಲಿಕೆಯ ವಿಷಯದಲ್ಲಿ ಹೆಸರುವಾಸಿಯಾದ ಪಿಯಾಜೆಯ ಜೊತೆ ಜಿನೀವಾದಲ್ಲಿ ಕೆಲಸ ಮಾಡಿದವನು, ಮಗು ತನ್ನ ಮೈಯಿಂದಲೇ ಗಣಿತ ಕಲಿಯಲಿ ಎಂಬುದೇ ಅವನ ಹಂಬಲವಾಗಿತ್ತು, ಮೊದಮೊದಲ ಆಮೆ ಪರದೆಯ ಮೇಲಲ್ಲ, ನೆಲದ ಮೇಲೆ ಪೆನ್ನು ಹಿಡಿದು ಓಡಾಡುವ ಯಂತ್ರವೇ ಆಗಿತ್ತು, ಇವೆಲ್ಲ ನಾನು ದೊಡ್ಡವಳಾದ ಮೇಲೆ ಓದಿಕೊಂಡದ್ದು. ಕೆ.ಇ.ಬಿ.ಯ ಕೃಪೆಯಿಂದ ನಾವು ಮೂಲಕ್ಕೇ ಹೋಗಿದ್ದೆವು.

ಅದರ ಮಾರನೆಯ ವರ್ಷ ಮೇಷ್ಟ್ರಿಗೆ ವರ್ಗವಾಯಿತು. ಬಂದ ಹೊಸಬರು ಪಿತಾಮಹನಿಂದ ಮತ್ತೆ ಶುರು ಮಾಡಿದರು.

ಹೋಗುವ ಮುಂಚೆ ಗಣಿತದ ಮೇಷ್ಟ್ರು ನನಗೆ ಇನ್ನೊಂದು ತೋರಿಸಿದ್ದರು. ಕೀಬೋರ್ಡಿನ ಬಲ ಮೇಲುತುದಿಯಲ್ಲಿ ‘ಬ್ರೇಕ್’ ಎಂಬ ಕೀ. ಅದನ್ನು ಮುಟ್ಟಿದರೆ ಬರೆದದ್ದೆಲ್ಲ ಹೋಗುತ್ತದೆ ಎಂಬ ಭಯದಲ್ಲಿ ಯಾರೋ ಅದಕ್ಕೆ ಬಿಂದಿಗೆ ಹಚ್ಚುವ ಎಂ-ಸೀಲ್ ಹಚ್ಚಲು ಹೊರಟಿದ್ದೂ ಉಂಟು. ಒಂದು ದಿನ ಒಬ್ಬಳ ಮೊಣಕೈ ತಗುಲಿ ಅರ್ಧ ಪೀರಿಯಡ್ಡಿನ ಪ್ರೋಗ್ರಾಮು ಮಾಯವಾಯಿತು. ಅವಳು ಅಳತೊಡಗಿದಳು. ಮೇಷ್ಟ್ರು ಬಂದು ‘ಓಲ್ಡ್’ ಎಂದು ಮೂರಕ್ಷರ ಟೈಪು ಮಾಡಿದರು. ಅಷ್ಟೂ ಸಾಲು ಹಾಗೇ ವಾಪಸು. “ಅದು ಎಲ್ಲಿಗೂ ಹೋಗಿರಲಿಲ್ಲ ಕಣಮ್ಮ, ದಾರಿ ಮರೆತಿತ್ತು” ಎಂದರು. ಮಷೀನು ಕೆಡುವುದಿಲ್ಲ, ಒತ್ತಿ ನೋಡಬಹುದು ಎಂಬ ಧೈರ್ಯ ನನ್ನ ಬೆರಳಿಗೆ ಬಂದದ್ದು ಅವತ್ತು.

ಡಿಗ್ರಿ ಮುಗಿದ ಮೇಲೆ, ಕೆಲಸ ಬೇಕಾದರೆ ಕಂಪ್ಯೂಟರ್ ಗೊತ್ತಿರಬೇಕು ಎಂದು ಎಲ್ಲರೂ ಹೇಳಿದರು. ತುಮಕೂರಿನ ಒಂದು ಖಾಸಗಿ ಇನ್‌ಸ್ಟಿಟ್ಯೂಟಿಗೆ ಬಸ್ಸಿನಲ್ಲಿ ಹೋಗಿ ಬಂದೆ. ಅಪ್ಪ ಒಂದು ವರ್ಷದ ಕೊಬ್ಬರಿ ದುಡ್ಡು ಕಟ್ಟಿದರು. ಇಲ್ಲಿ ಆಮೆ ಗೀಮೆ ಇಲ್ಲ, ಎಲ್ಲ ಉಪಯುಕ್ತ: ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್. ನಾಲ್ಕನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದೆವು. ಕಂಟ್ರೋಲ್ ಕೆ ಡಿ ಒತ್ತಿದರೆ ಕಡತ ಉಳಿಯುತ್ತದೆ ಎಂಬುದು ಇವತ್ತಿಗೂ ನನ್ನ ಬೆರಳಿಗೆ ನೆನಪಿದೆ. ಆ ಬೆರಳನ್ನು ಕೇಳುವ ಯಂತ್ರ ಈಗ ಎಲ್ಲೂ ಇಲ್ಲ. ನಾಲ್ಕಕ್ಕೂ ತಿಥಿಯಾಗಿ ಎಷ್ಟೋ ಕಾಲವಾಯಿತು. ಸರ್ಟಿಫಿಕೇಟನ್ನು ಮಾತ್ರ ಲ್ಯಾಮಿನೇಷನ್ ಮಾಡಿಸಿದ್ದರಿಂದ ಚೆನ್ನಾಗಿದೆ.

ನಿಜಕ್ಕೂ ಅನ್ನ ಕೊಟ್ಟದ್ದು ಅದರ ಪಕ್ಕದ ಬೀದಿಯ ಟೈಪಿಂಗ್ ಇನ್‌ಸ್ಟಿಟ್ಯೂಟು. ರೆಮಿಂಗ್ಟನ್ನು, ಗೋದ್ರೆಜ್ಜು, ತಗಡಿನ ಸೂರು, ಇಪ್ಪತ್ತು ಜನ ಒಟ್ಟಿಗೆ ಕುಟ್ಟುವ ಸದ್ದು. ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದೆ. ಬೆರಳು ನೋಡದೆ ಹೊಡೆಯುವುದನ್ನು ಕಲಿಸಿದ ಆ ಮೇಷ್ಟ್ರು ತಮ್ಮ ಜೀವನದಲ್ಲಿ ಕಂಪ್ಯೂಟರ್ ಮುಟ್ಟಿದ್ದಿಲ್ಲ. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ಲೆಡ್ಜರಿನ ಜಾಗಕ್ಕೆ ಪೋಸ್ಟಿಂಗ್ ಮಷೀನು ಬಂದು, ಆಮೇಲೆ ಎಲ್ಲ ಶಾಖೆಗಳನ್ನೂ ಒಂದಕ್ಕೊಂದು ಪೋಣಿಸಿದ ಕೋರ್ ಬ್ಯಾಂಕಿಂಗ್ ಬಂದಾಗಲೂ, ಪ್ರತಿ ಸಲ ಪರದೆ ಬದಲಾಯಿತು, ಕೀಬೋರ್ಡಿನ ಅಕ್ಷರಗಳು ಬದಲಾಗಲಿಲ್ಲ. ಕಂಪ್ಯೂಟರ್ ಯುಗಕ್ಕೆ ನನ್ನನ್ನು ತಯಾರು ಮಾಡಿದ್ದು ಟೈಪ್‌ರೈಟರು ಎಂದರೆ ತಮ್ಮನ ಮಗ ನಂಬುವುದಿಲ್ಲ.

ಬ್ಯಾಂಕಿನಲ್ಲಿ ಇನ್ನೊಂದು ಕಲಿತೆ, ಅದೂ ಸಿಲಬಸ್ಸಿನದ್ದಲ್ಲ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಹಿರಿಯ ಗುಮಾಸ್ತರೊಬ್ಬರು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸುತ್ತಿದ್ದರು. ಶೇಷವಿಲ್ಲದೆ ಭಾಗವಾದರೆ, ಯಾರೋ 54 ಅನ್ನು 45 ಎಂದು ಅದಲುಬದಲು ಬರೆದಿರಬೇಕೆಂದು ಹುಡುಕಲು ಶುರು. ಬಹಳ ಸಲ ಸಿಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಕೂಡಿಸುವ ತಪ್ಪು ನಿಂತಿತು. ಹೊಡೆಯುವ ಬೆರಳಿನ ತಪ್ಪು ನಿಲ್ಲಲಿಲ್ಲ, ಆದ್ದರಿಂದ ಒಂಬತ್ತೂ ನಿವೃತ್ತವಾಗಲಿಲ್ಲ. ಹೊಸದಾಗಿ ಸೇರಿದ ಎಂಜಿನಿಯರಿಂಗ್ ಹುಡುಗರು “ಸಿಸ್ಟಮ್ಮೇ ಹೀಗೆ ತೋರಿಸ್ತಿದೆ ಮೇಡಂ” ಎಂದು ಕೈಚೆಲ್ಲುತ್ತಿದ್ದರು. ತೋರಿಸಿದ್ದು ಸರಿಯೇ ಎಂದು ಸಿಸ್ಟಮ್ಮನ್ನು ಸಂಶಯದಿಂದ ನೋಡುವುದನ್ನು ಅವರಿಗೆ ನಾಲ್ಕು ವರ್ಷ ಯಾರೂ ಕಲಿಸಿರಲಿಲ್ಲ.

ಕನ್ನಡ ಹೊಡೆಯುವುದನ್ನಂತೂ ಯಾವ ಶಾಲೆಯೂ ಕಲಿಸಲಿಲ್ಲ. ಕೆ.ಪಿ. ರಾವ್ ಅವರು ಬರಿ ಇಪ್ಪತ್ತಾರು ಇಂಗ್ಲಿಷ್ ಕೀಗಳಲ್ಲಿ ನಮ್ಮ ಇಡೀ ವರ್ಣಮಾಲೆಯನ್ನು, ಒತ್ತು ದೀರ್ಘಗಳ ಸಮೇತ, ಕೂರಿಸಿದ ಜಾಣತನ ನನಗೆ ಗೊತ್ತಾದದ್ದು ಬಸ್‌ಸ್ಟ್ಯಾಂಡ್ ಹಿಂದಿನ ಡಿ.ಟಿ.ಪಿ. ಅಂಗಡಿಯಲ್ಲಿ, ಮದುವೆ ಪತ್ರಿಕೆ ಮಾಡಿಸಲು ಹೋದಾಗ. ಎಫ್ ಒತ್ತಿದರೆ ಒತ್ತಕ್ಷರ. ಅಂಗಡಿಯ ಹುಡುಗ ಎಸ್ಸೆಸ್ಸೆಲ್ಸಿ ಫೇಲು. ‘ಸುಮುಹೂರ್ತ’ವನ್ನೂ ‘ಗುರುಹಿರಿಯರ ಆಶೀರ್ವಾದ’ವನ್ನೂ ಕಣ್ಣುಮುಚ್ಚಿ ಹೊಡೆಯುತ್ತಿದ್ದ. ಅವನು ‘ನುಡಿ’ ತಂತ್ರಾಂಶದಲ್ಲಿ ಮಾಡಿಕೊಟ್ಟ ಕಡತವನ್ನು ಬೆಂಗಳೂರಿಗೆ ಕಳಿಸಿದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ವಧುವರರ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಡಾಲರ್ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆಗಳ ಜಾತ್ರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಸುದ್ದಿ ನಮ್ಮ ಬಸ್‌ಸ್ಟ್ಯಾಂಡಿನ ಹಿಂಭಾಗಕ್ಕೆ ಮುಟ್ಟುವುದು ತಡವಾಯಿತು, ಅಷ್ಟೆ.

ಈಗ ತಮ್ಮನ ಮಗ ಆರನೇ ಕ್ಲಾಸು, ಬೆಂಗಳೂರಿನಲ್ಲಿ. 2020ರ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ಕೋಡಿಂಗ್ ಎಂದು ಹೇಳಿದ ಮೇಲೆ ಅವನ ಶಾಲೆಗೆ ಉತ್ಸಾಹ ಬಂದಿದೆ. ರಜಕ್ಕೆ ಬಂದವನು ಲ್ಯಾಪ್‌ಟಾಪ್ ತೆರೆದು ಸ್ಕ್ರ್ಯಾಚ್‌ನಲ್ಲಿ ಮಾಡಿದ ಬೆಕ್ಕಿನ ಕುಣಿತ ತೋರಿಸಿದ. ಬಣ್ಣದ ಇಟ್ಟಿಗೆಗಳನ್ನು ಒಂದರ ಕೆಳಗೊಂದು ಸಿಕ್ಕಿಸಿದರೆ ಬೆಕ್ಕು ನಡೆಯುತ್ತದೆ. ಇಷ್ಟು ಹೆಜ್ಜೆ, ಇಷ್ಟು ಡಿಗ್ರಿ. ಪ್ಯಾಪರ್ಟ್‌ನ ಆಮೆಗೆ ಇದು ದೂರದ ನೆಂಟನಲ್ಲ, ನೇರ ಮೊಮ್ಮಗ.

“ತ್ರಿಕೋನ ಬಿಡಿಸ್ಲಿ ನೋಡೋಣ ನಿನ್ನ ಬೆಕ್ಕು” ಎಂದೆ.

ಅವನು ಕ್ಷಣವೂ ಯೋಚಿಸದೆ 60 ಎಂದು ಹಾಕಿದ. ಬೆಕ್ಕು ಪರದೆಯ ಅಂಚಿಗೆ ಹೊರಟಿತು. ನಮ್ಮ ಬೇಲಿ ನೆನಪಾಗಿ ನನಗೆ ಅಪಾರ ಸಂತೋಷವಾಯಿತು.

“ಅತ್ತೆ, ಎ.ಐ.ನ ಕೇಳಿದ್ರೆ ಹೇಳತ್ತೆ.”

“ಅದು ಹೇಳತ್ತೆ. ನೀನು ಒಂದ್ಸಲ ಹಜಾರದಲ್ಲಿ ನಡೆದು ನೋಡು.”

ಗೊಣಗುತ್ತಲೇ ನಡೆದ. ದಿವಾನ್ ಕಾಟಿಗೆ ಡಿಕ್ಕಿ ಹೊಡೆದ. ಮೂರನೆಯ ಸಲಕ್ಕೆ 120 ಎಂದ. ಅವನ ಪುಸ್ತಕ ತಿರುವಿ ಹಾಕಿದೆ. ಮೊದಲ ಪಾಠದ ಮೊದಲ ಪ್ರಶ್ನೆ: ಕಂಪ್ಯೂಟರಿನ ಪಿತಾಮಹ ಯಾರು? ಯಂತ್ರಗಳ ಪೀಳಿಗೆ ಎಷ್ಟೋ ಉರುಳಿವೆ, ಪಿತಾಮಹ ಮಾತ್ರ ಭೀಷ್ಮ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಎಂದರೆ ಕುಣಿಯುವ ಬೆಕ್ಕು ಎಲ್ಲಿ ಉಳಿದಿದೆ ಎಂಬುದು. “ಎಲ್ಲಿ ಸೇವ್ ಮಾಡಿದೆ?” ಎಂದರೆ “ಅದೇ ಆಗತ್ತೆ” ಎನ್ನುತ್ತಾನೆ. “ಯಾವ ಫೋಲ್ಡರಿನಲ್ಲಿ?” ಎಂದರೆ ಗುಬ್ಬಿ ವೀರಣ್ಣನವರ ಕಾಲದ ಮಾತು ಆಡಿದವಳನ್ನು ನೋಡುವ ಹಾಗೆ ನೋಡುತ್ತಾನೆ. ಅವನಿಗೆ ಫೋಟೋ ಫೋನಿನಲ್ಲಿದೆ, ಪಾಠ ಆ್ಯಪಿನಲ್ಲಿದೆ, ಎಲ್ಲವೂ ಮೋಡದಲ್ಲಿದೆ.

ನಾನು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಬಂದಿದ್ದೇನೆ. ಬಂದ ಮೇಲೆ ಬಿಟ್ಟಿ ಸಲಹೆಗಾರ್ತಿಯಾಗಿದ್ದೇನೆ. ನಮ್ಮ ನಾಡಿನಲ್ಲಿ ಕಂಪ್ಯೂಟರ್ ಜ್ಞಾನ ಯಾವುದಕ್ಕೆ ಬೇಕು ಎಂಬುದನ್ನು ಬೆಳಗಾದರೆ ಜಗಲಿಯಲ್ಲಿ ನೋಡುತ್ತೇನೆ. ಪ್ರೋಗ್ರಾಮು ಬರೆಯಲು ಯಾರೂ ಬರುವುದಿಲ್ಲ. ಬರುವವರ ಕೈಯಲ್ಲಿ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ಇರುತ್ತದೆ, ಮುಖದಲ್ಲಿ ಚಿಂತೆ ಇರುತ್ತದೆ. ಅರ್ಜಿಯಲ್ಲಿ ಹೀಗೆ ಬರೆದಿರುತ್ತದೆ: ಭಾವಚಿತ್ರವು ಐವತ್ತು ಕೆ.ಬಿ.ಗೆ ಮೀರದಂತೆ, ಸಹಿಯು ಇಪ್ಪತ್ತು ಕೆ.ಬಿ.ಗೆ ಮೀರದಂತೆ. ಈಗ ಆ 32ನ್ನು ತೆಗೆಯಿರಿ. ನಮ್ಮ ಶಾಲೆಯ ಇಡೀ ಕಂಪ್ಯೂಟರಿನ ನೆನಪಿನಲ್ಲಿ ಇವತ್ತಿನ ಒಂದು ಭಾವಚಿತ್ರ ಹಿಡಿಯುತ್ತಿರಲಿಲ್ಲ. ಇವತ್ತಿನ ಫೋನು ತೆಗೆಯುವ ಫೋಟೋ ಆ ಮಿತಿಯ ನೂರು ಪಟ್ಟು ದಪ್ಪ. ಸ್ಟುಡಿಯೋಗೆ ಹೋಗಿ ಮುಖ ಬೆಳ್ಳಗೆ ಮಾಡಿಸಿಕೊಂಡು ಬಂದ ಹುಡುಗನ ತಾಯಿಗೆ, ಮುಖವನ್ನು ತೆಳ್ಳಗೂ ಮಾಡಿಸಬೇಕು ಎಂದು ನಾನು ಹೇಗೆ ವಿವರಿಸಲಿ? ಫೋಟೋ ಕುಗ್ಗಿಸುವುದನ್ನು ಯಾವ ಪಠ್ಯಪುಸ್ತಕದಲ್ಲೂ ನೋಡಿಲ್ಲ. ಕೆಲಸಕ್ಕೆ ಅರ್ಜಿ ಹಾಕುವ ಪ್ರತಿಯೊಬ್ಬ ಭಾರತೀಯನೂ ದಾಟಲೇಬೇಕಾದ ಹೊಳೆ ಅದು.

ಎರಡನೆಯ ಹೊಳೆ ‘ಸರ್‌ನೇಮ್’. ನಮ್ಮ ಕಡೆ ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ ಮುಂದಿಟ್ಟುಕೊಂಡು ಸುಖವಾಗಿದ್ದೆವು. ಅರ್ಜಿ ತಯಾರಿಸಿದ ಪುಣ್ಯಾತ್ಮರು ಎಲ್ಲಿಯವರೋ, ಲೋಕದಲ್ಲಿ ಎಲ್ಲರಿಗೂ ಮನೆತನದ ಹೆಸರು ಇರುತ್ತದೆಂದು ನಂಬಿದವರು. ಆ ಕಾಲಂ ಖಾಲಿ ಬಿಟ್ಟರೆ ಕೆಂಪು ನಕ್ಷತ್ರ ಮಿನುಗುತ್ತದೆ. ಇನಿಷಿಯಲ್ ಹಾಕಿದರೆ ಒಂದೇ ಅಕ್ಷರ ಸಾಲದು ಎನ್ನುತ್ತದೆ. ಬಿಡಿಸಿ ಹಾಕಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಆಧಾರಿಗೂ ತಾಳೆಯಿಲ್ಲ. ಪಹಣಿಯಲ್ಲಿ ಗಂಡಸರಿಗೆ ‘ಬಿನ್’, ಹೆಂಗಸರಿಗೆ ‘ಕೋಂ’ ಎಂದು ಬರೆಯುವ ನಮ್ಮ ಹಳೆಯ ರೂಢಿ ಇದೆಯಲ್ಲ, ಅದನ್ನು ಯಾರೋ ಹುಡುಗ ಹಾಗೇ ನೋಡಿಕೊಂಡು ತುಂಬಿದ್ದರಿಂದ, ಒಬ್ಬ ಅಜ್ಜಿಯ ನಡುವಿನ ಹೆಸರು ಕಾಯಂ ಆಗಿ ‘ಕೋಂ’ ಎಂದೇ ದಾಖಲಾಗಿತ್ತು. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದು ರೈತರಿಗೆ ಉಪಕಾರವಾದದ್ದು ನಿಜ. ಶ್ಯಾನುಭೋಗರ ಕೈಬರಹದ ಜಾಗದಲ್ಲಿ ಅಚ್ಚಿನ ಅಕ್ಷರ ಕೂತಿತು. ಅಚ್ಚಿನಲ್ಲಿ ಬಂದ ತಪ್ಪಿಗೆ ಮಾತ್ರ ಕೈಬರಹದ ತಪ್ಪಿಗಿಂತ ಮರ್ಯಾದೆ ಜಾಸ್ತಿ. ತಿದ್ದಿಸಲು ಹೋದರೆ “ಸಿಸ್ಟಮ್ಮಲ್ಲಿ ಹಾಗೇ ಇದೆ” ಎನ್ನುತ್ತಾರೆ.

ಮೂರನೆಯದು ಹಣ ಹೋಗುವ ಹೊಳೆ. ಅದರ ವಿಷಯ ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಓ.ಟಿ.ಪಿ. ಹೇಳಿ ಕಳೆದುಕೊಂಡವರಲ್ಲಿ ಅಕ್ಷರ ಬಾರದವರಿಗಿಂತ ಓದಿದವರೇ ಹೆಚ್ಚಾಗಿ ನನ್ನ ಟೇಬಲ್ ಮುಂದೆ ಕೂತಿದ್ದರು. ಕಂಪ್ಯೂಟರಿನಲ್ಲೇ ಡಿಗ್ರಿ ಮಾಡಿದವರೂ ಇದ್ದರು. ಕೂಡಲೇ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು ಎಂಬುದನ್ನು ಅವರಿಗೆ ಪಿತಾಮಹನ ಪಕ್ಕದಲ್ಲಾದರೂ ಒಂದು ಸಾಲು ಬರೆಸಿದ್ದರೆ ಆಗುತ್ತಿತ್ತು.

ಹಾಗಾದರೆ ಶಾಲೆಯಲ್ಲಿ ಉಪಯುಕ್ತವಾದದ್ದನ್ನೇ ಕಲಿಸಿಬಿಡಲಿ ಎನ್ನೋಣವೇ? ಅಲ್ಲೇ ನನಗೆ ಗೊಂದಲ. ಬಿ.ಬಿ.ಸಿ. ಮೈಕ್ರೊ ಕಳಿಸಿದ ಇಂಗ್ಲೆಂಡಿನವರೇ ಆಮೇಲೆ ತಮ್ಮ ಶಾಲೆಗಳಲ್ಲಿ ಪ್ರೋಗ್ರಾಮು ಬರೆಯುವುದನ್ನು ಬದಿಗಿಟ್ಟು, ಕೆಲಸಕ್ಕೆ ಬರಲೆಂದು ಪತ್ರ ಟೈಪಿಸುವುದು, ಪವರ್‌ಪಾಯಿಂಟ್ ಮಾಡುವುದು ಇವನ್ನೇ ಕಲಿಸತೊಡಗಿದರು. 2012ರಲ್ಲಿ ಅವರ ರಾಯಲ್ ಸೊಸೈಟಿಯೇ ಹೀಗಾದರೆ ಆಗದು ಎಂದು ವರದಿ ಕೊಟ್ಟಿತು. 2014ರಿಂದ ಕಂಪ್ಯೂಟಿಂಗ್ ಎಂಬ ಹೊಸ ಪಠ್ಯ ಬಂತು. ಅದೇ 2012ರಲ್ಲಿ ಅದೇ ಕೇಂಬ್ರಿಜ್‌ನಿಂದ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಅಗ್ಗದ ಕಂಪ್ಯೂಟರ್ ಹೊರಬಂತು, ಮಕ್ಕಳು ಮತ್ತೆ ಒತ್ತಿ ನೋಡಿ ಕಲಿಯಲಿ ಎಂದು. ಅದರ ಮಾದರಿಗಳಿಗೆ ‘ಎ’, ‘ಬಿ’ ಎಂದು ಹೆಸರಿಟ್ಟದ್ದು ಆ ಹಳೆಯ ಬಿ.ಬಿ.ಸಿ. ಮೈಕ್ರೊದ ನೆನಪಿಗೆ. ನನ್ನ ವೆಲ್ವೆಟ್ ಕವರಿನ ಯಂತ್ರಕ್ಕಾಗಿ ನಾನೊಬ್ಬಳೇ ಹಂಬಲಿಸುತ್ತಿಲ್ಲ ಎಂದು ಗೊತ್ತಾಗಿ ಸಮಾಧಾನವಾಯಿತು.

ಅದಕ್ಕಿಂತ ಸೋಜಿಗದ್ದು ಇನ್ನೊಂದು. ಆ ‘ಮಿಸ್ಟೇಕ್’ ಎನ್ನುತ್ತಿದ್ದ ಬೇಸಿಕ್ ಭಾಷೆಯನ್ನು ಏಕಾರ್ನ್‌ನಲ್ಲಿ ಬರೆದವರು ಸೋಫಿ ವಿಲ್ಸನ್. ಅವರೂ ಸ್ಟೀವ್ ಫರ್ಬರ್ ಅವರೂ ಸೇರಿ ಮುಂದಿನ ಯಂತ್ರಕ್ಕೆಂದು ಒಂದು ಚಿಪ್ ರೂಪಿಸಿದರು. 1985ರಲ್ಲಿ ಅದು ಕೆಲಸ ಮಾಡಿತು. ಆರ್ಮ್ ಎಂಬ ಅದರ ವಂಶವೇ ಇವತ್ತು ಹೆಚ್ಚುಕಮ್ಮಿ ಎಲ್ಲ ಮೊಬೈಲ್ ಫೋನುಗಳ ಒಳಗೂ ಇರುವುದು. ಅಮ್ಮ ನವೆಂಬರ್ ಬಂದರೆ ಕುಟುಂಬ ಪಿಂಚಣಿಗಾಗಿ ತಾನು ಬದುಕಿದ್ದೇನೆಂದು ಫೋನಿನ ಮುಂದೆ ಸಾಬೀತು ಮಾಡಬೇಕು. ಕಣ್ಣು ಮಿಟುಕಿಸಿ ಎನ್ನುತ್ತದೆ ಆ್ಯಪು. ಅಮ್ಮ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ದೇವರ ಮುಂದೆ ಕೂತವಳಂತೆ, ತೆರೆಯುವುದನ್ನೇ ಮರೆಯುತ್ತಾಳೆ. ನಮ್ಮ ಶಾಲೆಯ ಯಂತ್ರದ ವಂಶಸ್ಥನ ಮುಂದೆ ನನ್ನ ತಾಯಿ ಹಾಗೆ ಕೂರುವುದನ್ನು ನೋಡುವಾಗ, ತೆಂಗಿನಕಾಯಿ ಒಡೆದದ್ದು ದಂಡವಾಗಲಿಲ್ಲ ಅನ್ನಿಸುತ್ತದೆ.

ಮೊನ್ನೆ ಊರಿನ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ‘ದಿನನಿತ್ಯದ ಬದುಕಿನಲ್ಲಿ ಕಂಪ್ಯೂಟರ್’ ಎಂದು ಎರಡು ಮಾತಾಡಿ ಎಂದು ಕರೆದರು. ಪಿ.ಪಿ.ಟಿ. ಇದೆಯಾ ಮೇಡಂ ಎಂದು ಹೆಡ್‌ಮಾಸ್ಟರು ಮೊದಲೇ ಕೇಳಿದ್ದರು. ಇಲ್ಲವೆಂದು ಹೇಳಿ, ಕರಿಹಲಗೆಯ ಮೇಲೆ ಒಂದು ಅರ್ಜಿ ಬರೆದೆ. ಫಸ್ಟ್ ನೇಮ್, ಮಿಡ್ಲ್ ನೇಮ್, ಸರ್‌ನೇಮ್, ಅದರ ಪಕ್ಕ ಕೆಂಪು ನಕ್ಷತ್ರ. “ತುಂಬಿ” ಎಂದೆ.

“ಇನಿಷಿಯಲ್ ಹಾಕ್ತೀವಿ ಮೇಡಂ.”

“ಒಂದೇ ಅಕ್ಷರ ತಗೊಳಲ್ಲ.”

“ಡಾಟ್ ಹಾಕಿದ್ರೆ?”

“ಲೇ, ಡಾಟ್ ಹಾಕಿದ್ರೆ ಇನ್‌ವ್ಯಾಲಿಡ್ ಅಂತದೆ ಕಣೋ. ನಮ್ಮಕ್ಕನ ಸ್ಕಾಲರ್‌ಶಿಪ್ಪು ಅದಕ್ಕೇ ಹೋಯ್ತು.”

“ಹೆಸ್ರುನ್ನೇ ಎರಡು ಸಲ ಹಾಕ್ಬೇಕು ಮೇಡಂ. ಆಧಾರ್‌ಗೂ ಹಂಗೇ ಮಾಡ್ಸಿದ್ರೆ ಮುಂದೆ ತೊಂದ್ರೆ ಇರಲ್ಲ.”

ಗಲಾಟೆ ಶುರುವಾಯಿತು. ಒಬ್ಬ ಎದ್ದು ಬಂದು ಹಲಗೆಯ ಮೇಲೆ ಬಾಣ ಎಳೆದು, ಮೊದಲು ಯಾವ ದಾಖಲೆ ತಿದ್ದಿಸಿದರೆ ಆಮೇಲೆ ಯಾವುದು ಸರಿಹೋಗುತ್ತದೆ ಎಂದು ಕ್ರಮವಾಗಿ ತೋರಿಸಿದ. ಎರಡು ಕಡೆ ಕವಲು, ಒಂದು ಕಡೆ “ಇಲ್ಲಾಂದ್ರೆ ವಾಪಸ್ ಇಲ್ಲಿಗೆ” ಎಂಬ ಸುತ್ತು. ಅದನ್ನು ಫ್ಲೋಚಾರ್ಟ್ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ನಾನೂ ಹೇಳಲಿಲ್ಲ, ಹೇಳಿದರೆ ನೋಟ್ಸ್ ಆಗಿಬಿಡುತ್ತದೆ. ಗಂಟೆ ಹೊಡೆದರೂ ಏಳಲಿಲ್ಲ.

ಹೊರಡುವಾಗ ಹೆಡ್‌ಮಾಸ್ಟರು ಓಡಿಬಂದರು. ಕಾರ್ಯಕ್ರಮದ ವರದಿಯನ್ನು ಫೋಟೋ ಸಮೇತ ಇಲಾಖೆಯ ಪೋರ್ಟಲ್ಲಿಗೆ ಹಾಕಬೇಕಂತೆ, ಪಿ.ಡಿ.ಎಫ್. ಇನ್ನೂರು ಕೆ.ಬಿ.ಗೆ ಮೀರಬಾರದಂತೆ, ಇವರದು ಎಂಟು ಎಂ.ಬಿ. ಇದೆಯಂತೆ. ನಾನು ಕನ್ನಡಕ ತೆಗೆಯುವ ಮುಂಚೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೌಸ್ ಹಿಡಿದು ಮೂರು ಕಡೆ ಒತ್ತಿ, “ನೂರ ಎಂಬತ್ತಾಯ್ತು ಸಾರ್, ಅಕ್ಷರ ಓದಕ್ಕೆ ಬರ್ತದೆ” ಎಂದಳು.

“ಇದನ್ನೆಲ್ಲ ಎಲ್ಲಿ ಕಲಿತೆ?” ಎಂದು ಕೇಳಿದೆ.

“ನಮ್ಮ ಮಾವನ ಜೆರಾಕ್ಸ್ ಅಂಗಡೀಲಿ ಮೇಡಂ. ಸಾಯಂಕಾಲ ನಾನೇ ಕೂತ್ಕೊಳೋದು.”

“ಇದಕ್ಕೆ ಎಷ್ಟು ತಗೋತೀರ?”

“ಹೊರಗಿನೋರ್ಗೆ ಇಪ್ಪತ್ತು ರೂಪಾಯಿ” ಎಂದವಳು ಹೆಡ್‌ಮಾಸ್ಟರ ಮುಖ ನೋಡಿ, “ಸ್ಕೂಲಿಗಾದ್ರೆ ಬ್ಯಾಡ” ಎಂದು ಸೇರಿಸಿದಳು.

ನಾನು ಇಪ್ಪತ್ತು ರೂಪಾಯಿ ತೆಗೆದು ಅವಳ ಕೈಗಿಟ್ಟೆ. ಹೆಡ್‌ಮಾಸ್ಟರು ಸಂಕೋಚಪಟ್ಟುಕೊಂಡು, ಬೇಡಿ ಮೇಡಂ, ಶಾಲೆಯ ಅನುದಾನದಲ್ಲೇ ಕೊಡೋಣ, ಕಂಪ್ಯೂಟರ್ ಶಿಕ್ಷಣ ಅಂತ ಒಂದು ಹೆಡ್ ಇದೆ ಎಂದರು. ಆಮೇಲೆ ಅವರಿಗೇ ಅನುಮಾನ ಬಂತು. ವೋಚರಿಗೆ ಬಿಲ್ಲು ಬೇಕಲ್ಲ ಎಂದು ಹುಡುಗಿಯನ್ನು ಕೇಳಿದರು. ಅವಳು, ಅದಕ್ಕೇನು ಸಾರ್, ಅಂಗಡಿ ಹೆಸರಲ್ಲಿ ಈಗ್ಲೇ ಟೈಪ್ ಮಾಡಿಕೊಡ್ತೀನಿ, ಐದು ರೂಪಾಯಿ ಆಗ್ತದೆ ಎಂದಳು.